ಯೆರ್ಬಾ ಮಾತೆ: ಒಂದೇ ಸೊಪ್ಪಿಗೆ ಅಂಗಡಿಗೊಂದು ದರ ಯಾಕೆ?

ಪ್ರಶ್ನೆ: ಬರ್ಲಿನ್‌ಗೆ ಬಂದು ಎರಡು ವರ್ಷವಾಯಿತು. ಆಫೀಸಿನಲ್ಲಿ ಪಕ್ಕದ ಮೇಜಿನ ಅರ್ಜೆಂಟೀನಾದ ಗೆಳತಿಯಿಂದ ಯೆರ್ಬಾ ಮಾತೆ (ದಕ್ಷಿಣ ಅಮೆರಿಕದ ಒಂದು ಮರದ ಎಲೆಯಿಂದ ಮಾಡುವ, ಚಹಾದಂಥ ಪಾನೀಯ) ಕುಡಿಯುವ ಚಟ ಹತ್ತಿದೆ. ಈಗ ದಿನಾ ಸಂಜೆ ಮನೆಯಲ್ಲೂ ಒಂದು ಬುರುಡೆ (ಅದನ್ನು ಕುಡಿಯುವ ಪಾತ್ರೆ) ತುಂಬ ಬೇಕು ಅನಿಸುತ್ತದೆ. ಕೊಳ್ಳೋಣ ಅಂತ ಹೊರಟರೆ ತಲೆ ಕೆಟ್ಟುಹೋಯಿತು. ಟೀ ಅಂಗಡಿಯಲ್ಲಿ ಬಿಡಿ ಸೊಪ್ಪು 100 ಗ್ರಾಂಗೆ 4.50 ಯೂರೋ. ಆನ್‌ಲೈನ್‌ನಲ್ಲಿ ಅರ್ಧ ಕಿಲೋ ಪ್ಯಾಕೆಟ್ 7.50, ಅದರ ಮೇಲೆ ಸಾಗಣೆ 4.90. ಮನೆ ಹತ್ತಿರದ ಅರಬ್ ಅಂಗಡಿಯಲ್ಲಿ ಇಡೀ ಕಿಲೋ 12 ಯೂರೋ. 25 ಟೀ ಬ್ಯಾಗ್ ಇರುವ ಡಬ್ಬಿ 3 ಯೂರೋ. ಅಗ್ಗದ್ದರಲ್ಲಿ ಕಲಬೆರಕೆ ಇರುತ್ತದಾ? ದುಬಾರಿಯದು ನಿಜಕ್ಕೂ ಚೆನ್ನಾಗಿರುತ್ತದಾ? ಇನ್ನೊಂದು ವಿಷಯ, ಶಿವಮೊಗ್ಗದಲ್ಲಿರುವ ಅಪ್ಪನಿಗೂ ರುಚಿ ತೋರಿಸಬೇಕು ಅಂತ ಆಸೆ. ಇಲ್ಲಿಂದ ಒಯ್ಯುವುದಾ, ಬೆಂಗಳೂರಿನಲ್ಲೇ ಕೊಳ್ಳುವುದಾ?

ಉತ್ತರ: ನೀವು ಬರೆದ ನಾಲ್ಕು ದರಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗೇ ಆದರೂ ತಲೆ ಕೆಡುತ್ತದೆ. ಒಂದು 100 ಗ್ರಾಂ ಲೆಕ್ಕ, ಒಂದು ಅರ್ಧ ಕಿಲೋ, ಒಂದು ಕಿಲೋ, ಇನ್ನೊಂದು ಬ್ಯಾಗ್ ಲೆಕ್ಕ. ಮೊದಲು ಎಲ್ಲವನ್ನೂ ಕಿಲೋಗೆ ತನ್ನಿ. ಟೀ ಅಂಗಡಿಯದು ಕಿಲೋಗೆ 45 ಯೂರೋ. ಆನ್‌ಲೈನ್‌ನದು ನೋಡೋಕೆ 15, ಆದರೆ ಒಂದೇ ಪ್ಯಾಕೆಟ್ ತರಿಸಿದರೆ ಸಾಗಣೆ ಸೇರಿ 24.80. ಅರಬ್ ಅಂಗಡಿಯದು 12. ಟೀ ಬ್ಯಾಗಿನ ಡಬ್ಬಿ ತಿರುಗಿಸಿ ನೋಡಿ. ಒಂದು ಬ್ಯಾಗಿನಲ್ಲಿ ಸಾಮಾನ್ಯವಾಗಿ 3 ಗ್ರಾಂ ಇರುತ್ತದೆ, 25 ಬ್ಯಾಗ್ ಅಂದರೆ ಬರೀ 75 ಗ್ರಾಂ, ಅಂದರೆ ಕಿಲೋಗೆ 40 ಯೂರೋ! ಮೂರು ಯೂರೋ ಅಂತ ಅಗ್ಗವಾಗಿ ಕಂಡ ಡಬ್ಬಿ ಟೀ ಅಂಗಡಿಯ ಸಾಲಿಗೇ ಬಂದು ಕೂತಿತು.

ಜರ್ಮನಿಯಲ್ಲಿ ಈ ಲೆಕ್ಕದ ಅರ್ಧ ಕೆಲಸವನ್ನು ಅಂಗಡಿಯವರೇ ಮಾಡಿಕೊಡಬೇಕು. ಕಪಾಟಿನ ಚೀಟಿಯಲ್ಲಿ ದೊಡ್ಡ ಅಕ್ಷರದ ಬೆಲೆಯ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರದಲ್ಲಿ 'ಗ್ರುಂಡ್‌ಪ್ರೈಸ್' ಅಂತ ಇರುತ್ತದೆ ನೋಡಿ, ಅದೇ ಮೂಲ ಅಳತೆಯ ದರ. ಪ್ಯಾಕೆಟ್ ಮಾಲಿಗೆ ಅದನ್ನು ಕಿಲೋ ಲೆಕ್ಕದಲ್ಲೇ ಹಾಕಬೇಕು ಅಂತ 2022ರಿಂದ ನಿಯಮ ಬಿಗಿಯಾಗಿದೆ. ಕಣ್ಣೆದುರೇ ತೂಗಿ ಕೊಡುವ ಬಿಡಿಮಾಲಿಗೆ ಮಾತ್ರ 100 ಗ್ರಾಂ ದರ ಹಾಕಿದರೂ ನಡೆಯುತ್ತದೆ. ಟೀ ಅಂಗಡಿಯ 4.50 ಅಷ್ಟೊಂದು ಹಗುರವಾಗಿ ಕಂಡದ್ದು ಇದೇ ಸಂದಿನಿಂದ. ಮೋಸ ಅಲ್ಲ, ಕಾನೂನಿನ ಒಳಗೇ ಇದೆ, ಆದರೆ ಹತ್ತರಿಂದ ಗುಣಿಸುವ ಕೆಲಸ ನಿಮ್ಮದು.

ಇಷ್ಟಕ್ಕೇ ನಿಲ್ಲಿಸಿದರೆ ಎಡವುತ್ತೀರಿ. ಯಾಕಂದ್ರೆ ನೀವು ಕುಡಿಯುವುದು ಕಿಲೋವನ್ನಲ್ಲ. ಅರ್ಜೆಂಟೀನಾದವರ ಹಾಗೆ ಬುರುಡೆಗೆ ಮುಕ್ಕಾಲು ಸೊಪ್ಪು ತುಂಬಿ, ಬೊಂಬೀಷಾ (ತುದಿಯಲ್ಲಿ ಜರಡಿ ಇರುವ ಲೋಹದ ಕೊಳವೆ) ಚುಚ್ಚಿ, ಫ್ಲಾಸ್ಕಿನಿಂದ ಮತ್ತೆ ಮತ್ತೆ ನೀರು ಹೊಯ್ದು ಹೀರುವವರಿಗೆ ಮಧ್ಯಮ ಗಾತ್ರದ ಬುರುಡೆಗೆ ಸುಮಾರು 50 ಗ್ರಾಂ ಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ಗಾಬರಿಯಾಗುತ್ತೀರಿ. ನಾವು ಚಹಾಕ್ಕೆ ಚಮಚ ಲೆಕ್ಕ ಹಾಕುವವರು, ಅವರು ಮುಷ್ಟಿ ಲೆಕ್ಕ ಹಾಕುವವರು. ಹಾಗಾದರೆ ಒಂದು ಬುರುಡೆಗೆ ಅರಬ್ ಅಂಗಡಿಯ ಮಾಲು 60 ಸೆಂಟ್, ಟೀ ಅಂಗಡಿಯದು 2.25 ಯೂರೋ. ದಿನಕ್ಕೊಂದು ಬುರುಡೆ ಅಂದರೆ ತಿಂಗಳಿಗೆ ಒಂದೂವರೆ ಕಿಲೋ. ಅರಬ್ ಅಂಗಡಿಯಲ್ಲಿ 18 ಯೂರೋ, ಆನ್‌ಲೈನ್‌ನಲ್ಲಿ ಮೂರು ಪ್ಯಾಕೆಟ್ ಒಟ್ಟಿಗೆ ತರಿಸಿದರೆ 27.40, ಟೀ ಅಂಗಡಿಯಲ್ಲಿ 67.50. ದಿನವೂ ಕುಡಿಯುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ, ಅಲ್ವಾ?

ಈಗ ಇದನ್ನೇ ತಿರುಗಿಸಿ. ಬುರುಡೆಯ ಗೋಜಿಲ್ಲದೆ ದಿನಕ್ಕೆ ಒಂದು ಲೋಟ ಮಾತ್ರ ಕುಡಿಯುವವರಿಗೆ ಟೀ ಬ್ಯಾಗ್ ಒಂದಕ್ಕೆ 12 ಸೆಂಟ್. ಕಿಲೋ ದರ ನೋಡಿದರೆ ಹೆಚ್ಚುಕಡಿಮೆ ಎಲ್ಲಕ್ಕಿಂತ ದುಬಾರಿಯಾದ ಮಾಲು, ದಿನದ ಖರ್ಚಿನ ಲೆಕ್ಕದಲ್ಲಿ ಯಾವ ಬುರುಡೆಗಿಂತಲೂ ಅಗ್ಗ. ಹೀಗೆ ಚಹಾದ ಹಾಗೆ ಮಾಡಿ ಕುಡಿಯುವುದನ್ನು ಅರ್ಜೆಂಟೀನಾದಲ್ಲಿ 'ಮಾತೆ ಕೊಸೀದೋ' ಅನ್ನುತ್ತಾರೆ. ಟೀ ಅಂಗಡಿಯ ಬಿಡಿ ಸೊಪ್ಪನ್ನು ಕೂಡ ಕೆಟಲಿನಲ್ಲಿ ಲೀಟರಿಗೆ 10 ಗ್ರಾಂ ಹಾಕಿ ಸೋಸಿ ಕುಡಿದರೆ ಲೀಟರಿಗೆ 45 ಸೆಂಟ್ ಅಷ್ಟೇ. ಆ ಅಂಗಡಿ ಸೊಪ್ಪನ್ನು ಕತ್ತರಿಸಿಟ್ಟಿರುವುದೂ ಹಾಗೆ ಕುಡಿಯುವವರಿಗೇ. ಬುರುಡೆಗೆ ಅದು ಹೊಂದುವುದಿಲ್ಲ.

(ಒಂದು ಪಕ್ಕದ ಮಾತು. 'ಮಾತೆ' ಅಂತ ಬರೆಯುವಾಗೆಲ್ಲ ನನಗೆ ಭಜನೆ ಶುರು ಮಾಡುತ್ತಿದ್ದೇನೇನೋ ಅನಿಸುತ್ತದೆ. ಬ್ರೆಜಿಲ್‌ನವರು 'ಎರ್ವಾ ಮಾಚಿ' ಅನ್ನುತ್ತಾರೆ, ಬ್ಯೂನಸ್ ಐರಿಸ್‌ನವರು ಯೆರ್ಬಾವನ್ನು 'ಷೆರ್ಬಾ' ಮಾಡುತ್ತಾರೆ. ಅಂಗಡಿಯಲ್ಲಿ ಯಾವುದು ಹೇಳಿದರೂ ಅರ್ಥವಾಗುತ್ತದೆ.)

ಇನ್ನು ಕಲಬೆರಕೆಯ ಪ್ರಶ್ನೆ. ನೀವು ಕಲಬೆರಕೆ ಅಂದುಕೊಂಡಿರುವುದು ಬಹುಶಃ ಕಡ್ಡಿ. ಬೆಂಗಳೂರಿನ ಕಾಫಿಪುಡಿ ಅಂಗಡಿಯಲ್ಲಿ 'ಚಿಕೋರಿ ಎಷ್ಟು ಹಾಕಲಿ?' ಅಂತ ಕೇಳುತ್ತಾರಲ್ಲ, ಎಂಬತ್ತು ಇಪ್ಪತ್ತಾ, ಅರವತ್ತು ನಲವತ್ತಾ ಅಂತ, ದರವೂ ಅದರ ಮೇಲೇ ನಿಂತಿರುತ್ತದಲ್ಲ, ಮಾತೆಯಲ್ಲಿ ಆ ಜಾಗದಲ್ಲಿ ಕಡ್ಡಿ ಇದೆ. ವ್ಯತ್ಯಾಸ ಇಷ್ಟೇ, ಚಿಕೋರಿ ಬೇರೆ ಗಿಡದ ಬೇರು, ಇದು ಅದೇ ಮರದ ರೆಂಬೆ. ಪ್ಯಾಕೆಟ್ ಮೇಲೆ 'ಕೊನ್ ಪಾಲೋ' ಅಂತಿದ್ದರೆ ಕಡ್ಡಿ ಸಹಿತ. ಅರ್ಜೆಂಟೀನಾದ ಆಹಾರ ನಿಯಮದ ಪ್ರಕಾರ ಅದರಲ್ಲಿ ಕನಿಷ್ಠ 65 ಭಾಗ ಎಲೆ ಇರಬೇಕು, ಕಡ್ಡಿ 35 ಮೀರಬಾರದು. 'ಸಿನ್ ಪಾಲೋ' ಅಥವಾ 'ದೆಸ್ಪಲಾದಾ' ಅಂತಿದ್ದರೆ ಎಲೆ ಕನಿಷ್ಠ 90 ಭಾಗ.

ಹಾಗಾಗಿ, ಸಾಗಣೆ ಬಿಟ್ಟು ನೋಡಿದರೂ, 12 ಯೂರೋ ಮಾಲು 15 ಯೂರೋ ಮಾಲಿಗಿಂತ ಅಗ್ಗ ಅಂತ ಕಣ್ಣು ಮುಚ್ಚಿ ಹೇಳುವ ಹಾಗಿಲ್ಲ. ಮೊದಲನೆಯದರಲ್ಲಿ 30 ಭಾಗ ಕಡ್ಡಿ ಇದೆ ಅಂತಿಟ್ಟುಕೊಳ್ಳಿ, 12 ಯೂರೋಗೆ ನಿಮಗೆ ಸಿಕ್ಕ ಎಲೆ 700 ಗ್ರಾಂ. ಎಲೆಯ ಕಿಲೋ ದರ 17 ಯೂರೋ ದಾಟಿತು. ಎರಡನೆಯದರಲ್ಲಿ 10 ಭಾಗ ಕಡ್ಡಿ, ಎಲೆ 900 ಗ್ರಾಂ, ಕಿಲೋಗೆ ಸುಮಾರು 16.70. ದುಬಾರಿಯದೇ ಅಗ್ಗವಾಯಿತು. ಕೆಫೀನ್ ಇರುವುದು ಮುಖ್ಯವಾಗಿ ಎಲೆಯಲ್ಲೇ. ಹಾಗಂತ ಕಡ್ಡಿ ಕಸ ಅಲ್ಲ. ಅದು ಕಹಿಯನ್ನು ತಗ್ಗಿಸುತ್ತದೆ, ಸೊಪ್ಪನ್ನು ಸಡಿಲವಾಗಿಟ್ಟು ಬೊಂಬೀಷಾ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಹೊಸಬರಿಗೆ ನಾನು ಯಾವತ್ತೂ ಕಡ್ಡಿ ಸಹಿತದ್ದನ್ನೇ ಹೇಳುವುದು.

'ಕೊಂಪುಯೆಸ್ತಾ' ಅನ್ನುವ ಪದ ಕಂಡರೆ ಮಾತ್ರ ಸ್ವಲ್ಪ ನಿಲ್ಲಿ. ಅದರಲ್ಲಿ ಪುದೀನ, ಕಿತ್ತಳೆ ಸಿಪ್ಪೆ, ಬೇರೆ ಗಿಡಮೂಲಿಕೆ ಬೆರೆತಿರುತ್ತದೆ. ರುಚಿ ಇಷ್ಟವಾದರೆ ಕುಡಿಯಿರಿ, ತಪ್ಪೇನಿಲ್ಲ, ಆದರೆ ಅದರ ಕಿಲೋ ದರವನ್ನು ಬರೀ ಮಾತೆಯ ದರದ ಪಕ್ಕ ಇಡಬೇಡಿ.

ದೇಶಕ್ಕೊಂದು ರೀತಿ ಇದೆ, ಅದನ್ನೂ ಬೆರೆಸಬಾರದು. ನಾನು ಮೂರು ವರ್ಷ ಮೊಂಟೆವಿಡಿಯೋದಲ್ಲಿದ್ದೆ, ಚಹಾ ಖರೀದಿಯ ಕೆಲಸ. ಅಲ್ಲಿ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಕಡಲ ದಂಡೆಯಲ್ಲಿ, ಎಲ್ಲರ ಕಂಕುಳಲ್ಲೂ ಒಂದು ಫ್ಲಾಸ್ಕ್. ತಲೆಲೆಕ್ಕದಲ್ಲಿ ಉರುಗ್ವೆಯವರೇ ಎಲ್ಲರಿಗಿಂತ ಜಾಸ್ತಿ ಕುಡಿಯುವವರು, ಆದರೆ ತಮಾಷೆ ನೋಡಿ, ಅವರು ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಬಹುಪಾಲು ಬ್ರೆಜಿಲ್‌ನಿಂದ ಬರುತ್ತದೆ. ಅವರಿಗೆ ಬೇಕಾದದ್ದು ಕಡ್ಡಿ ಇಲ್ಲದ, ಸಣ್ಣಗೆ ಪುಡಿಯಾದ, ಖಡಕ್ ಮಾಲು. ಕನಾರಿಯಾಸ್ ಅನ್ನುವ ಬ್ರ್ಯಾಂಡ್ ಅಂಥದ್ದು. ಅರ್ಜೆಂಟೀನಾದ ತರಗುಯಿ, ರೊಸಾಮೊಂತೆ, ಪ್ಲಜಾದಿತೋ ಸಾಮಾನ್ಯವಾಗಿ ಕಡ್ಡಿ ಸಹಿತ, ತಿಂಗಳುಗಟ್ಟಲೆ ಇಟ್ಟು ಮಾಗಿಸಿದ್ದು. ಪರಾಗ್ವೆಯ ಪಹರೀತೋ, ಕುರುಪಿ ಮುಂತಾದವನ್ನು ಅಲ್ಲಿ ಬೇಸಿಗೆಯಲ್ಲಿ ಐಸ್ ನೀರು ಹೊಯ್ದು 'ತೆರೆರೆ' ಮಾಡುತ್ತಾರೆ. ದಕ್ಷಿಣ ಬ್ರೆಜಿಲ್‌ನ 'ಶಿಮರಾವ್' ಇವೆಲ್ಲಕ್ಕಿಂತ ಬೇರೆ. ಮಾಗಿಸುವುದಿಲ್ಲ, ಹಸಿರು ಹಸಿರಾಗಿಯೇ ನುಣ್ಣಗೆ ಕುಟ್ಟಿ ಮಾರುತ್ತಾರೆ.

ನಾನು ಕೈ ಸುಟ್ಟುಕೊಂಡದ್ದು ಈ ಶಿಮರಾವ್‌ನಲ್ಲೇ. ಯುರೋಪಿಗೆ ಬಂದ ಹೊಸತು. ಒಂದು ಆನ್‌ಲೈನ್ ಅಂಗಡಿ ಅರ್ಧ ಬೆಲೆಗೆ ಕೊಡುತ್ತಿತ್ತು. ಐದು ಕಿಲೋ ತರಿಸಿಬಿಟ್ಟೆ, ವ್ಯಾಪಾರದಲ್ಲಿದ್ದವನಿಗೆ ಇಷ್ಟು ಗೊತ್ತಿಲ್ಲವಾ ಅಂತ ಜಂಬ ಬೇರೆ. ಪ್ಯಾಕೆಟ್ ಕತ್ತರಿಸಿದರೆ ಹೊಸ ಗೋರಂಟಿ ಪುಡಿಯ ಹಾಗೆ ಹಸಿರು ಕಣ್ಣಿಗೆ ಹೊಡೆಯಬೇಕು, ಹಸಿ ಹುಲ್ಲಿನ ಘಮ ಬರಬೇಕು. ಬಂದದ್ದು ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದು ಬಣ್ಣವೇ ಕೊಡದ ಗೋರಂಟಿಯ ಬಣ್ಣ, ದನದ ಕೊಟ್ಟಿಗೆಯ ಒಣಹುಲ್ಲಿನ ವಾಸನೆ. ತಾರೀಕು ಮುಗಿದಿರಲಿಲ್ಲ, ಮುಗಿಯಲು ಮೂರು ವಾರ ಇತ್ತು. ದೂರು ಕೊಟ್ಟೆ, 'ತಾರೀಕು ಇದೆಯಲ್ಲ' ಅಂದರು. ಐದು ಕಿಲೋ ಟೊಮೇಟೊ ಗಿಡಗಳ ಬುಡಕ್ಕೆ ಹೋಯಿತು.

ಹಾಗಾಗಿ ತಾರೀಕು ಹತ್ತಿರ ಬಂದ ರಿಯಾಯಿತಿ ಮಾಲಿನ ವಿಷಯದಲ್ಲಿ ನನ್ನ ನಿಯಮ ಸರಳ. ಅರ್ಜೆಂಟೀನಾದ ಮಾಗಿದ ಮಾಲಾದರೆ ಧೈರ್ಯವಾಗಿ ಕೊಳ್ಳುತ್ತೇನೆ, ಅದು ಹೇಗೂ ಹಳತಾಗಿಯೇ ಪ್ಯಾಕೆಟ್ ಸೇರಿದ್ದು. ಶಿಮರಾವ್ ಆದರೆ ಅರ್ಧ ಬೆಲೆಗೂ ಬೇಡ.

ಮಾಗಿಸುವುದರ ಬಗ್ಗೆ ಎರಡು ಮಾತು ಹೇಳಲೇಬೇಕು, ದರದ ಒಂದು ಗುಟ್ಟು ಅಲ್ಲೇ ಇದೆ. ಕೊಯ್ದ ಎಲೆಯನ್ನು ತಡಮಾಡದೆ ಬೆಂಕಿಯ ಜ್ವಾಲೆಯಲ್ಲಿ ಕೆಲವೇ ಸೆಕೆಂಡ್ ಹಾಯಿಸುತ್ತಾರೆ, ಚಟಪಟ ಸದ್ದು ಬರುತ್ತದೆ, ಎಲೆ ಕಪ್ಪಾಗದಂತೆ ಅದು ತಡೆಯುತ್ತದೆ. ಆಮೇಲೆ ಒಣಗಿಸಿ, ತರಿತರಿಯಾಗಿ ಪುಡಿ ಮಾಡಿ ಚೀಲಗಳಲ್ಲಿ ಇಡುತ್ತಾರೆ. ಸಹಜವಾಗಿ ಮಾಗಲು ಒಂಬತ್ತು ತಿಂಗಳಿಂದ ಎರಡು ವರ್ಷ. ಅಷ್ಟು ಕಾಲ ಮಾಲು ಗೋದಾಮಿನಲ್ಲಿ, ದುಡ್ಡು ಮಾಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅವಸರವಿದ್ದವರು ಬಿಸಿಯೂ ತೇವವೂ ಹದವಾಗಿಟ್ಟ ಕೋಣೆಯಲ್ಲಿ ಒಂದೆರಡು ತಿಂಗಳಲ್ಲೇ ಮುಗಿಸುತ್ತಾರೆ. 'ಎಸ್ತಸಿಯೊನಾದಾ 24 ಮೇಸೆಸ್' (24 ತಿಂಗಳು ಮಾಗಿದ್ದು) ಅಂತ ಬರೆದ ಪ್ಯಾಕೆಟ್‌ಗೆ ಒಂದೆರಡು ಯೂರೋ ಜಾಸ್ತಿ ಕೇಳಿದರೆ ಅದರಲ್ಲಿ ಅರ್ಥವಿದೆ. 'ಬರ್ಬಕುವಾ' ಅಂತಿದ್ದರೆ ಸೌದೆ ಉರಿಯ ಕಾವಿನಲ್ಲಿ ನಿಧಾನ ಒಣಗಿಸಿದ್ದು, ಹೊಗೆಯ ಘಾಟು ಇರುತ್ತದೆ. ಮಲೆನಾಡಿನ ಕಡೆಯವರಿಗೆ ಅಡಿಕೆ ಬೇಯಿಸುವ ಒಲೆಮನೆ ನೆನಪಾದರೂ ಆಗಬಹುದು.

ಇದಕ್ಕೆ ಹೋಲಿಸಿದರೆ 'ಡಿಟಾಕ್ಸ್', 'ಎನರ್ಜಿ', 'ಅಮೆಜಾನ್ ಕಾಡಿನ ರಹಸ್ಯ' ಅಂತೆಲ್ಲ ಬರೆದ ಚಂದದ ತಗಡಿನ ಡಬ್ಬಿಗೆ ಕೊಡುವ ದುಡ್ಡು ತಗಡಿಗೆ ಹೋಗುತ್ತದೆ. ಈ ಮರ ಬೆಳೆಯುವುದು ಅಮೆಜಾನ್‌ನಲ್ಲೂ ಅಲ್ಲ. ಅರ್ಜೆಂಟೀನಾದ ಮಿಸಿಯೋನೆಸ್, ಕೊರಿಯೆಂತೆಸ್ ಪ್ರಾಂತ್ಯಗಳು, ಪರಾಗ್ವೆ, ಬ್ರೆಜಿಲ್‌ನ ದಕ್ಷಿಣದ ರಾಜ್ಯಗಳು, ಅದರ ಮುಖ್ಯ ಸೀಮೆ ಇವೇ.

ಈಗ ಅರಬ್ ಅಂಗಡಿ. ಅಲ್ಲಿ ಅಗ್ಗ ಯಾಕೆ ಅನ್ನುವುದು ನನಗೆ ಇಡೀ ವ್ಯಾಪಾರದಲ್ಲೇ ಇಷ್ಟವಾದ ಕಥೆ. ಹತ್ತೊಂಬತ್ತನೇ ಶತಮಾನದ ಕೊನೆಗೆ, ಇಪ್ಪತ್ತರ ಆರಂಭಕ್ಕೆ ಸಿರಿಯಾ, ಲೆಬನಾನ್ ಕಡೆಯಿಂದ ಸಾವಿರಾರು ಜನ ಹೊಟ್ಟೆಪಾಡಿಗೆ ಅರ್ಜೆಂಟೀನಾಕ್ಕೆ ಹೋದರು. ಕೆಲವರು ವಾಪಸ್ ಬಂದರು, ಬರುವಾಗ ಮಾತೆಯ ಚಟ ಹೊತ್ತು ತಂದರು. ಇವತ್ತಿಗೂ ಅರ್ಜೆಂಟೀನಾ ರಫ್ತು ಮಾಡುವ ಮಾತೆಯ ದೊಡ್ಡ ಗಿರಾಕಿ ಸಿರಿಯಾ. ಅಲ್ಲಿನ ಮನೆಗಳಲ್ಲಿ ಸಣ್ಣ ಗಾಜಿನ ಲೋಟಕ್ಕೆ ಸೊಪ್ಪು ಹಾಕಿ, ಸಕ್ಕರೆ ಬೆರೆಸಿ, ಅದೇ ಲೋಹದ ಕೊಳವೆಯಲ್ಲಿ ಹೀರುತ್ತಾರೆ. 2015ರ ಹೊತ್ತಿಗೆ ಸಿರಿಯಾದಿಂದ ಲಕ್ಷಾಂತರ ಜನ ಜರ್ಮನಿಗೆ ಬಂದಾಗ ಅವರ ಅಂಗಡಿಗಳ ಕಪಾಟಿಗೆ ಮಾತೆಯೂ ಬಂತು. ಬರ್ಲಿನ್‌ನ ಝೊನೆನ್‌ಅಲೆ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಟೀ ಅಂಗಡಿಗೆ ಮಾತೆ ಅಂದರೆ ಅಪರೂಪದ ವಿದೇಶಿ ಮಾಲು. ಇವರಿಗೆ ಅದು ಬೇಳೆ, ಅಕ್ಕಿಯ ಹಾಗೆ ದಿನಸಿ. ಚೀಲಗಟ್ಟಲೆ ತರುತ್ತಾರೆ, ಲಾಭ ಕಮ್ಮಿ ಇಟ್ಟು ಬೇಗ ಮಾರುತ್ತಾರೆ. ಬೇಗ ಮಾರಾಟವಾಗುವುದರಿಂದ ಮಾಲು ತಾಜಾ ಕೂಡ. ಪಿಪೊರೆ, ಅಮಾಂದಾ ಇಂಥ ಅಂಗಡಿಗಳಲ್ಲಿ ಸಿಗುತ್ತವೆ. ಎರಡೂ ಮಿಸಿಯೋನೆಸ್ ಪ್ರಾಂತ್ಯದವೇ. 250 ಗ್ರಾಂ ಪ್ಯಾಕೆಟ್ ಸಿಕ್ಕರೆ ಹೊಸಬರಿಗೆ ವರದಾನ, ಹಿಡಿಸದಿದ್ದರೆ ನಷ್ಟ ಕಮ್ಮಿ.

ಹಾಗಾದರೆ ಆನ್‌ಲೈನ್ ಯಾವಾಗ? ಬೀದಿ ಅಂಗಡಿಯಲ್ಲಿ ಸಿಗದ ಬ್ರ್ಯಾಂಡ್ ಬೇಕಾದಾಗ, ಮತ್ತೆ ಒಟ್ಟಿಗೆ ತರಿಸುವಾಗ. ನಿಮ್ಮದೇ ಲೆಕ್ಕದಲ್ಲಿ ನಾಲ್ಕು ಪ್ಯಾಕೆಟ್ ತರಿಸಿದರೆ 34.90, ಕಿಲೋಗೆ 17.45ಕ್ಕೆ ಇಳಿಯುತ್ತದೆ. 'ಉಚಿತ ಸಾಗಣೆ'ಯ ಗಡಿ ಮುಟ್ಟಲಿಕ್ಕೆ ಅಂತ ಬೇಡದ್ದನ್ನೆಲ್ಲ ಬುಟ್ಟಿಗೆ ಹಾಕುವವರನ್ನು ನೋಡಿದ್ದೇನೆ, ನಾನೂ ಅವರಲ್ಲೊಬ್ಬ. ಬುರುಡೆ, ಬೊಂಬೀಷಾ, ಅರ್ಧ ಕಿಲೋ ಸೊಪ್ಪು ಸೇರಿದ 'ಆರಂಭಿಕರ ಸೆಟ್' ಬಗ್ಗೆ ಹುಷಾರು. ಮೂರನ್ನೂ ಬಿಡಿಯಾಗಿ ಕೂಡಿಸಿ ನೋಡಿ. ಸ್ಟೀಲ್ ಬೊಂಬೀಷಾ ಸಾಕು, ಬುರುಡೆಯ ಬದಲು ಮೊದಮೊದಲು ದಪ್ಪ ಪಿಂಗಾಣಿ ಲೋಟವೂ ನಡೆಯುತ್ತದೆ.

ಅಂಗಡಿಯವರು 'ಅರ್ಜೆಂಟೀನಾದಲ್ಲೇ ರೇಟು ಏರಿಬಿಟ್ಟಿದೆ' ಅಂದರೆ ತಕ್ಷಣ ತಲೆಯಾಡಿಸಬೇಡಿ. ಅಲ್ಲಿ 2002ರಲ್ಲಿ ಶುರುವಾದ ಮಾತೆ ಮಂಡಳಿಯೊಂದಿದೆ, ಪೊಸಾದಾಸ್ ನಗರದಲ್ಲಿ. ರೈತರ ಹಸಿ ಎಲೆಗೆ ಅದು ದರ ಕಟ್ಟುತ್ತಿತ್ತು, ನಮ್ಮ ಬೆಂಬಲ ಬೆಲೆ ಇದ್ದ ಹಾಗೆ. 2023ರ ಡಿಸೆಂಬರ್‌ನಲ್ಲಿ ಹೊಸ ಅಧ್ಯಕ್ಷ ಮಿಲೆ ಹೊರಡಿಸಿದ ತುರ್ತು ಆದೇಶ ಆ ಅಧಿಕಾರವನ್ನೇ ಕಿತ್ತುಹಾಕಿತು. ಆಮೇಲೆ ಮಿಸಿಯೋನೆಸ್‌ನ ಸಣ್ಣ ಬೆಳೆಗಾರರು ದರ ಸಾಲದು ಅಂತ ರಸ್ತೆಗಿಳಿದರು. ಒಂದು ಕಿಲೋ ಒಣ ಮಾತೆಗೆ ಸುಮಾರು ಮೂರು ಕಿಲೋ ಹಸಿ ಎಲೆ ಬೇಕು, ಆ ಮೂರು ಕಿಲೋಗೆ ರೈತನ ಕೈಗೆ ಬರುವುದು ನೀವು ಬರ್ಲಿನ್‌ನಲ್ಲಿ ಕೊಡುವ ದುಡ್ಡಿನ ಸಣ್ಣ ಚೂರು. ಅಡಿಕೆ ಸೀಮೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮೂರು ಅಂಗಡಿಗಳ ನಡುವಿನ ಅಂತರ ಹುಟ್ಟುವುದು ಬಹುಪಾಲು ಹಡಗು ಇಳಿದ ಮೇಲೆ: ಯಾರು ಎಷ್ಟು ತಂದರು, ಯಾರ ಬಾಡಿಗೆ ಎಷ್ಟು, ಯಾರು ಮತ್ತೆ ಸಣ್ಣ ಪೊಟ್ಟಣ ಕಟ್ಟಿದರು.

ಗುಣದ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬಿಳಿ ತಟ್ಟೆಗೆ ಎರಡು ಚಮಚ ಸೊಪ್ಪು ಸುರಿದು, ಮೊರದಲ್ಲಿ ಅಕ್ಕಿ ಆರಿಸುವ ಹಾಗೆ ಬೆರಳಿನಿಂದ ಬಿಡಿಸಿ. ಕಡ್ಡಿ ಒಂದು ಕಡೆ, ಎಲೆಚೂರು ಒಂದು ಕಡೆ. ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿ ತಟ್ಟಿದರೆ ಪುಡಿ ತಳದಲ್ಲಿ ಉಳಿಯುತ್ತದೆ. ಉರುಗ್ವೆ ಶೈಲಿಯದ್ದಲ್ಲದ ಪ್ಯಾಕೆಟ್‌ನಲ್ಲಿ ಪುಡಿಯೇ ಅರ್ಧದಷ್ಟಿದ್ದರೆ ಮುಂದಿನ ಸಲ ಬೇರೆಯದು ತನ್ನಿ. ಕಡ್ಡಿ ತಿಳಿ ಹಳದಿ ಇರಬೇಕು, ಎಲೆ ಮಾಸಲು ಹಸಿರು. ಮುಗ್ಗಲು ವಾಸನೆ ಇದ್ದರೆ ತೇವ ಹೊಡೆದಿದೆ. ಆಮೇಲೆ ಕುಡಿದು ಎಣಿಸಿ: ಎಷ್ಟನೇ ಸಲದ ನೀರಿಗೆ ರುಚಿ ಸಪ್ಪೆಯಾಯಿತು? ನನ್ನ ಬುರುಡೆಯಲ್ಲಿ ಒಳ್ಳೆಯ ಮಾಲು ಮುಕ್ಕಾಲು ಲೀಟರ್ ತನಕ ತಾಳುತ್ತದೆ, ಕೆಲವು ಅರ್ಧ ಲೀಟರಿಗೇ ಕೈಯೆತ್ತುತ್ತವೆ. ಕಿಲೋ ದರ ಒಂದೇ ಇದ್ದರೂ ಎರಡನೆಯದು ದುಬಾರಿ. ನೀರು ಕುದಿಯುತ್ತಿರಬಾರದು, 70ರಿಂದ 80 ಡಿಗ್ರಿ ಸಾಕು. ಕುದಿನೀರು ಹೊಯ್ದರೆ ಎಂಥ ಮಾಲೂ ಕಹಿಯಾಗಿ ಎರಡೇ ಸಲಕ್ಕೆ ಸುಸ್ತಾಗುತ್ತದೆ. ಅಲ್ಲದೆ 65 ಡಿಗ್ರಿ ಮೀರಿದ ಬಿಸಿ ಪಾನೀಯವನ್ನು, ಅದು ಏನೇ ಆಗಿರಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ 'ಬಹುಶಃ ಕ್ಯಾನ್ಸರ್‌ಕಾರಕ' ಪಟ್ಟಿಗೆ ಸೇರಿಸಿದೆ. ಕೊಳವೆಯಲ್ಲಿ ನೇರ ಗಂಟಲಿಗೆ ಹೋಗುವ ಪಾನೀಯ ಇದು, ಆರಿಸಿ ಹೀರಿ.

ನಿಮ್ಮ ಸಂಜೆಯ ಬುರುಡೆಗೆ ಅರಬ್ ಅಂಗಡಿಯ ಕಿಲೋ ಪ್ಯಾಕೆಟ್ಟೇ ಸರಿ. ಅದರ ಮೇಲೆ ಕೊನ್ ಪಾಲೋ ಅಂತಿದೆಯಾ ನೋಡಿಕೊಳ್ಳಿ ಅಷ್ಟೇ.

ಅಪ್ಪನ ವಿಷಯ. ಬೆಂಗಳೂರಿನಲ್ಲಿ ಆಮದು ಪ್ಯಾಕೆಟ್ ಕೊಳ್ಳುವುದಾದರೆ ಹಿಂಬದಿಯ ಸ್ಟಿಕರ್ ಓದಿ. ಆಮದು ಮಾಡಿದವರ ಹೆಸರು ವಿಳಾಸ, ಎಂಆರ್‌ಪಿ, ತಾರೀಕು ಅದರಲ್ಲಿರಬೇಕು. ಸ್ಟಿಕರ್ರೇ ಇಲ್ಲದ ಮಾಲನ್ನು ಆನ್‌ಲೈನ್ ಮಾರಾಟಗಾರರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ. ಆದರೆ ಅವರಿಗೆ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲದಾಗ ಯಾಕೆ ಕಿಲೋ, ಅರ್ಧ ಕಿಲೋ ಲೆಕ್ಕ? ಊರಿಗೆ ಹೋಗುವಾಗ ಆ ಮೂರು ಯೂರೋದ ಟೀ ಬ್ಯಾಗ್ ಡಬ್ಬಿ ಒಯ್ಯಿರಿ. ಬೆಳಿಗ್ಗೆ ಒಂದು ಲೋಟ, ಬೇಕಿದ್ದರೆ ಒಂದು ಚೂರು ಬೆಲ್ಲ. ಹಿಡಿಸಿದರೆ ಮುಂದಿನ ಸಲ ಒಂದು ಬುರುಡೆ ಒಯ್ಯಬಹುದು. ಅಪ್ಪ ಅದನ್ನು ಕೈಯಲ್ಲಿ ಹಿಡಿದು 'ಇದು ನಮ್ಮ ಸೋರೆ ಬುರುಡೆ ಅಲ್ವೇನೇ' ಅಂದರೆ ಹೌದು ಅನ್ನಿ. ಅದೇ ಗಿಡ, ನಮ್ಮ ಸಾಂಬಾರಿನ ಸೋರೆಕಾಯಿ, ತಂಬೂರಿಯ ಬುರುಡೆ. ಅದನ್ನಂತೂ ದುಡ್ಡು ಕೊಟ್ಟು ಬರ್ಲಿನ್‌ನಿಂದ ತರಬೇಕಾಗಿರಲಿಲ್ಲ.